ಇಲ್ಲ ಮತ್ತು ಅಲ್ಲ: ಒಂದು ತರ್ಕಬಂಧದ ನೆಪದಲ್ಲಿ

ನಮ್ಮ ಬಳಗದ ತಿಂಗಳ ಕೂಟ ಸಾಮಾನ್ಯವಾಗಿ ಒಂದು ಕಥೆಯ ಓದಿನಿಂದ ಆರಂಭವಾಗಿ ಚಹಾದೊಂದಿಗೆ ಮುಗಿಯುತ್ತದೆ. ಕಳೆದ ಮಳೆಗಾಲದ ಒಂದು ಭಾನುವಾರ ಮುಂಬಯಿಯ ಲೋಕಲ್ ರೈಲುಗಳು ತಡವಾಗಿ ಓಡುತ್ತಿದ್ದವು; ಕಥೆ ಓದಬೇಕಾಗಿದ್ದವರು ಇನ್ನೂ ಬಂದಿರಲಿಲ್ಲ. ಕಾಯುತ್ತ ಕುಳಿತ ನಮ್ಮ ನಡುವೆ, ತಂದೆಯ ಜೊತೆ ಬಂದಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಾಳೆಯ ಮೇಲೆ ಚೌಕಗಳನ್ನು ಎಳೆದು, ಒಂದೊಂದರಲ್ಲೂ ಕತ್ತರಿ ಗುರುತನ್ನೋ ಸರಿ ಗುರುತನ್ನೋ ಹಾಕುತ್ತಿದ್ದಳು. ಏನೆಂದು ಕೇಳಿದೆವು. ಐವರು ಹ್ಯಾಮ್ ರೇಡಿಯೊ ಹವ್ಯಾಸಿಗಳು. ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಆಂಟೆನಾ, ಒಂದೊಂದು ಕರೆಸಂಕೇತ. ಕೊಟ್ಟಿರುವ ಸುಳಿವುಗಳಿಂದಲೇ ಯಾರದು ಯಾವುದು ಎಂದು ಕಂಡುಹಿಡಿಯಬೇಕು. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಮಗೂ ಓದಿ ಹೇಳು ಎಂದಾಗ ಅವಳು ಇಂಗ್ಲಿಷಿನಲ್ಲೇ ಓದಿದಳು. ಕನ್ನಡದಲ್ಲಿ ಹೇಳು ಎಂದಾಗ ಸ್ವಲ್ಪ ಯೋಚಿಸಿ, "ಇದನ್ನ ಕನ್ನಡದಲ್ಲಿ ಮಾಡೋಕಾಗಲ್ಲ ಅಲ್ವಾ ಅಂಕಲ್?" ಎಂದಳು.

ಅವಳ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ಮನೆಯಲ್ಲಿ ಅವಳು ಒಳ್ಳೆಯ ಕನ್ನಡವನ್ನೇ ಆಡುತ್ತಾಳೆ. ಹಬ್ಬ, ಊಟ, ಅಜ್ಜಿಯ ಫೋನು, ಊರಿನ ಮದುವೆ, ಇವೆಲ್ಲಕ್ಕೂ ಕನ್ನಡ ಸಾಕು ಎಂಬುದು ಅವಳ ಅನುಭವ. ಯೋಚಿಸಿ ತೀರ್ಮಾನಕ್ಕೆ ಬರುವ ಕೆಲಸಕ್ಕೆ ಮಾತ್ರ ಬೇರೆ ಭಾಷೆ. ಆ ಪ್ರಶ್ನೆ ನಮ್ಮನ್ನು ಚುಚ್ಚಿತು. ಏಕೆಂದರೆ ಆ ಅನುಭವವನ್ನು ಅವಳಿಗೆ ಒದಗಿಸಿದವರು ನಾವೇ. ನಮ್ಮ ಕೂಟಗಳಲ್ಲಿ ಅವಳು ಕೇಳಿದ್ದು ಭಾವಗೀತೆ, ನೆನಪು, ಊರ ಹಂಬಲ. ಕನ್ನಡದಲ್ಲಿ ಒಂದು ವಾದವನ್ನು ಮೊದಲಿನಿಂದ ಕೊನೆಯವರೆಗೆ ಬೆಳೆಸಿದ್ದನ್ನು ಅವಳು ನಮ್ಮಲ್ಲಿ ಕೇಳಿದ್ದು ಕಡಿಮೆ.

ಆದ್ದರಿಂದ ಆ ದಿನ ಕಥೆಯನ್ನು ಮುಂದಿನ ತಿಂಗಳಿಗೆ ಇಟ್ಟು, ಅಂಥದೇ ಒಂದು ಬಂಧವನ್ನು ಕನ್ನಡದಲ್ಲಿ ಕಟ್ಟಲು ಕುಳಿತೆವು. ಪದಬಂಧದ ಮಾದರಿಯಲ್ಲಿ ಅದಕ್ಕೆ ತರ್ಕಬಂಧ ಎಂದು ಹೆಸರಿಟ್ಟೆವು. ಆ ಎರಡು ಗಂಟೆಗಳು ನಮಗೆ ಕಲಿಸಿದ್ದನ್ನು ಇಲ್ಲಿ ಹೇಳಬೇಕೆನಿಸಿದೆ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ಕಥೆ ಕವಿತೆಗಳಷ್ಟೇ ಗಂಭೀರವಾಗಿ ತರ್ಕಬಂಧವನ್ನೂ ಹೊರನಾಡಿನ ಕನ್ನಡ ಬಳಗಗಳು ಕೈಗೆತ್ತಿಕೊಳ್ಳಬೇಕು.

ಈ ಬಗೆಯ ಬಂಧಗಳಲ್ಲಿ ಜಗತ್ತಿಗೆ ಚಿರಪರಿಚಿತವಾದುದು ಐದು ಮನೆಗಳ ಒಗಟು. 1962ರ ಡಿಸೆಂಬರಿನಲ್ಲಿ ಲೈಫ್ ಇಂಟರ್‌ನ್ಯಾಷನಲ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು; ಜೀಬ್ರಾ ಯಾರದು, ನೀರು ಕುಡಿಯುವವರು ಯಾರು ಎಂಬುದು ಅದರ ಪ್ರಶ್ನೆ. ಐನ್‌ಸ್ಟೈನ್ ಬಾಲ್ಯದಲ್ಲಿ ಬರೆದದ್ದೆಂದು ಹೇಳುವವರುಂಟು, ಅದಕ್ಕೆ ಆಧಾರವಿಲ್ಲ. ತರ್ಕದ ಒಗಟಿನ ಹುಟ್ಟಿಗೇ ತರ್ಕವಿಲ್ಲದ ಕಥೆಯೊಂದು ಅಂಟಿಕೊಂಡಿರುವುದು ತಮಾಷೆಯ ಸಂಗತಿ. ಮನೆಗಳ ಜಾಗದಲ್ಲಿ ಹ್ಯಾಮ್‌ಗಳನ್ನು ಕೂರಿಸಿದರೆ ಬಂಧಕ್ಕೆ ಇನ್ನಷ್ಟು ಕಳೆ ಬರುತ್ತದೆ. ಹವ್ಯಾಸಿ ರೇಡಿಯೊ ಎಂಬುದೇ ಅನುಮಾನಪ್ರಮಾಣದ ಆಟ. ಎದುರಿನವರು ಕಾಣುವುದಿಲ್ಲ, ದನಿಯೂ ಅರ್ಧಂಬರ್ಧ. ಕರೆಸಂಕೇತ 'ವಿಯು'ದಿಂದ ಆರಂಭವಾದರೆ ಭಾರತ, 'ವಿಯು4' ಆದರೆ ಅಂಡಮಾನ್ ನಿಕೋಬಾರ್, 'ವಿಯು7' ಆದರೆ ಲಕ್ಷದ್ವೀಪ. ಹಗಲಿನಲ್ಲಿ 20 ಮೀಟರಿನಲ್ಲಿ ದೂರದ ದೇಶ ಕೇಳಿಸಿದರೆ ಅಚ್ಚರಿಯಿಲ್ಲ; 40 ಮೀಟರಿನಲ್ಲಿ ಅಷ್ಟೇ ದೂರದ ದನಿ ಬರಬೇಕಾದರೆ ಬಹುಪಾಲು ಇರುಳಾಗಬೇಕು. ಹೀಗೆ ಕೇಳಿದ ತುಣುಕಿನಿಂದ ಕೇಳದ ಭಾಗವನ್ನು ತುಂಬಿಕೊಳ್ಳುವುದು ಅವರ ನಿತ್ಯದ ಅಭ್ಯಾಸ.

ನಾವು ಕಟ್ಟಿದ ಬಂಧ ಇದು. ಅಜ್ಜಿ, ಮೇಷ್ಟ್ರು, ಡಾಕ್ಟರು, ಹುಡುಗಿ ಎಂಬ ನಾಲ್ವರು ಹ್ಯಾಮ್‌ಗಳು. ಮುಂಬಯಿ, ಪುಣೆ, ಚೆನ್ನೈ, ದೆಹಲಿ ಎಂಬ ನಾಲ್ಕು ಊರುಗಳು. ಒಂದು ಬೆಳಗ್ಗೆ ಅವರು 40, 20, 15 ಮತ್ತು 10 ಮೀಟರುಗಳ ಅಲೆಗಳಲ್ಲಿ ಮಾತಾಡಿದರು. ಒಬ್ಬರಿಗೆ ಒಂದೇ ಊರು, ಒಂದೇ ಅಲೆ. ಯಾವ ಇಬ್ಬರಿಗೂ ಊರಾಗಲಿ ಅಲೆಯಾಗಲಿ ಸಮಾನವಲ್ಲ. ಸುಳಿವುಗಳು ಐದು.

ಒಂದು: ದೆಹಲಿಯವರ ಅಲೆಯ ಉದ್ದ ಪುಣೆಯವರದರ ಸರಿಯಾಗಿ ಅರ್ಧ.

ಎರಡು: ಚೆನ್ನೈಯವರ ಅಲೆ ದೆಹಲಿಯವರದಕ್ಕಿಂತ ಗಿಡ್ಡ.

ಮೂರು: 10 ಮೀಟರಿನಲ್ಲಿ ಮಾತಾಡಿದವಳು ಹುಡುಗಿ.

ನಾಲ್ಕು: ಅಜ್ಜಿಯ ಅಲೆ ಮೇಷ್ಟ್ರದಕ್ಕಿಂತ ಉದ್ದ, ಡಾಕ್ಟರದು ಮೇಷ್ಟ್ರದಕ್ಕಿಂತ ಗಿಡ್ಡ.

ಐದು: ತಮ್ಮ ಮಾತು ಮುಗಿದ ಮೇಲೆ ಡಾಕ್ಟರು ಡಯಲ್ ತಿರುಗಿಸಿ ಅಜ್ಜಿಯ ದನಿಯನ್ನೂ ಚೆನ್ನೈಯವರ ದನಿಯನ್ನೂ ಕೇಳಿಸಿಕೊಂಡರು.

ಪ್ರಶ್ನೆ: ಮುಂಬಯಿಯಲ್ಲಿದ್ದವರು ಯಾರು? ಸ್ವತಃ ಬಿಡಿಸಬೇಕೆನ್ನುವ ಓದುಗರು ಇಲ್ಲಿ ಪೆನ್ಸಿಲ್ ಹಿಡಿದು ಸ್ವಲ್ಪ ತಂಗಬಹುದು.

ಬಿಡಿಸುವ ದಾರಿ ಹೀಗಿದೆ. ಸರಿಯಾಗಿ ಅರ್ಧವಾಗುವ ಜೋಡಿಗಳು ಎರಡೇ: 40ಕ್ಕೆ 20, 20ಕ್ಕೆ 10. ದೆಹಲಿ 10 ಮೀಟರಿನಲ್ಲಿದ್ದರೆ ಅದಕ್ಕಿಂತ ಗಿಡ್ಡ ಅಲೆ ಚೆನ್ನೈಗೆ ಉಳಿಯುವುದಿಲ್ಲ. ಆದ್ದರಿಂದ ಪುಣೆಗೆ 40, ದೆಹಲಿಗೆ 20. ಮುಂಬಯಿ, ಚೆನ್ನೈಗಳಿಗೆ ಉಳಿದವು 15 ಮತ್ತು 10. ಯಾವುದು ಯಾರದೆಂದು ಇನ್ನೂ ತಿಳಿಯದು. ಹುಡುಗಿ 10 ಮೀಟರನ್ನು ತೆಗೆದುಕೊಂಡ ಮೇಲೆ ನಾಲ್ಕನೆಯ ಸುಳಿವಿನ ಪ್ರಕಾರ ಅಜ್ಜಿಗೆ 40, ಮೇಷ್ಟ್ರಿಗೆ 20, ಡಾಕ್ಟರಿಗೆ 15. ಅಲ್ಲಿಗೆ ಅಜ್ಜಿ ಪುಣೆಯಲ್ಲಿ, ಮೇಷ್ಟ್ರು ದೆಹಲಿಯಲ್ಲಿ. ಡಾಕ್ಟರು ಚೆನ್ನೈಯವರ ದನಿಯನ್ನು ಕೇಳಿಸಿಕೊಂಡರೆಂದ ಮೇಲೆ ಅವರೇ ಚೆನ್ನೈಯವರಲ್ಲ. ಆದ್ದರಿಂದ ಮುಂಬಯಿಯಲ್ಲಿದ್ದವರು ಡಾಕ್ಟರು, ಹುಡುಗಿ ಚೆನ್ನೈಯಲ್ಲಿದ್ದಳು.

ಬಂಧ ಸಣ್ಣದು. ಆದರೆ ಅದನ್ನು ಬಿಗಿಯಾಗಿ ಬರೆಯಲು ನಮಗೆ ಎರಡು ಗಂಟೆ ಹಿಡಿಯಿತು. ಲೆಕ್ಕ ತೊಡಕಾಗಿದ್ದರಿಂದ ಅಲ್ಲ. ಇಷ್ಟು ಕಾಲ ಆಡುತ್ತ ಬಂದ ನಮ್ಮ ಭಾಷೆಯನ್ನು ಮೊದಲ ಬಾರಿಗೆ ತಕ್ಕಡಿಯಲ್ಲಿಟ್ಟು ತೂಗಬೇಕಾಗಿ ಬಂದದ್ದರಿಂದ.

ಮೊದಲ ತೊಡಕು 'ತರಂಗಾಂತರ' ಎಂಬ ಪದ. ನಮ್ಮಲ್ಲಿ ಕೆಲವರಿಗೆ ಅದು ಅಲೆಯ ಉದ್ದ. ಪತ್ರಿಕೆ ಓದಿ ಬೆಳೆದವರಿಗೆ, 2ಜಿ ಹಗರಣದ ದಿನಗಳಿಂದ, ಸರ್ಕಾರ ಹರಾಜು ಹಾಕುವ ಸ್ಪೆಕ್ಟ್ರಮ್. ಮತ್ತೆ ಕೆಲವರು ಅದನ್ನು ಆವರ್ತನವೆಂದೇ ತಿಳಿದಿದ್ದರು. ಅಲೆ ಉದ್ದವಾದಷ್ಟೂ ಆವರ್ತನ ಕಡಿಮೆ: 40 ಮೀಟರು ಎಂದರೆ ಸುಮಾರು 7 ಮೆಗಾಹರ್ಟ್ಸ್, 10 ಮೀಟರು ಎಂದರೆ 28. ಹಾಗಾಗಿ 'ಚೆನ್ನೈಯವರ ತರಂಗಾಂತರ ಕಡಿಮೆ' ಎಂದು ಬರೆದರೆ ಓದುವವರ ಅರ್ಥಕ್ಕೆ ತಕ್ಕಂತೆ ಸುಳಿವು ತಲೆಕೆಳಗಾಗುತ್ತಿತ್ತು. ಕೊನೆಗೆ 'ಉದ್ದ', 'ಗಿಡ್ಡ' ಎಂಬ ಅಡುಗೆಮನೆಯ ಮಾತುಗಳೇ ನಮ್ಮನ್ನು ಕಾಪಾಡಿದವು.

ಎರಡನೆಯದು ಇನ್ನೂ ಸೂಕ್ಷ್ಮ. ಮೂರನೆಯ ಸುಳಿವನ್ನು ಮೊದಲು 'ಹುಡುಗಿಯೂ 10 ಮೀಟರಿನಲ್ಲಿ ಮಾತಾಡಿದಳು' ಎಂದು ಬರೆದಿದ್ದೆವು. ಮಾತಿನ ಓಘದಲ್ಲಿ ಬಂದ ಊಕಾರ ಅದು. ಹಾಗೆಂದರೆ ಇನ್ನೊಬ್ಬರೂ ಅಲ್ಲಿದ್ದರೆಂದಾಯಿತು. ಒಂದು ಸ್ವರದಿಂದ ಇಡೀ ಬಂಧವೇ ಕುಸಿಯಿತು. ಆಮೇಲೆ 'ಹುಡುಗಿಯೇ 10 ಮೀಟರಿನಲ್ಲಿದ್ದಳು', 'ಹುಡುಗಿ 10 ಮೀಟರಿನಲ್ಲೇ ಇದ್ದಳು' ಎಂಬ ಎರಡು ರೂಪಗಳನ್ನು ಎದುರುಬದುರು ಇಟ್ಟು ನೋಡಿದೆವು. ಮೊದಲನೆಯದು ಬೇರೆಯವರನ್ನು ಆ ಅಲೆಯಿಂದ ಹೊರಗಿಡುತ್ತದೆ. ಎರಡನೆಯದು ಹುಡುಗಿಯನ್ನು ಬೇರೆ ಅಲೆಗಳಿಂದ ಹೊರಗಿಡುತ್ತದೆ. ಏಕಾರ ಕುಳಿತ ಜಾಗ ಬದಲಾದರೆ ತರ್ಕವೇ ಬದಲಾಗುತ್ತದೆ. 'ಇಲ್ಲವೆ' ಎಂಬ ಪದವನ್ನೇ ನೋಡಿ: 'ಮುಂಬಯಿ ಇಲ್ಲವೆ ಚೆನ್ನೈ' ಎಂದಾಗ, ಮೊದಲನೆಯದು ಇಲ್ಲವಾದರೆ ಎರಡನೆಯದು ಎಂಬ ತರ್ಕದ ಹೆಜ್ಜೆ ಆ ಪದದ ಹೊಟ್ಟೆಯಲ್ಲೇ ಇದೆ. 'ಆದರೆ' ಎಂಬುದಂತೂ ಒಮ್ಮೆ ಷರತ್ತು, ಒಮ್ಮೆ ವಿರೋಧ. ಎಲ್ಲಿ ಯಾವುದೆಂದು ತಿಳಿಯದೆ ಬರೆದರೆ ಸುಳಿವು ಎರಡು ಬಾಯಿಯಲ್ಲಿ ಮಾತಾಡುತ್ತದೆ. ಬಳಗದ ವ್ಯವಹಾರದ ಕನ್ನಡದಲ್ಲಿ ನಾವು ಇವನ್ನೆಲ್ಲ ಎಷ್ಟು ಸಡಿಲವಾಗಿ ಎಸೆಯುತ್ತೇವೆಂದು ಆಗ ಅರಿವಾಯಿತು.

ಕೊರತೆಯೂ ಕಂಡಿತು. 'ನಾವು ನಾಲ್ವರು' ಎಂದು ಬಂಧದೊಳಗಿನ ಪಾತ್ರವೊಂದು ಹೇಳಿದರೆ ಕೇಳುವವರೂ ಆ ನಾಲ್ವರಲ್ಲಿ ಸೇರಿದ್ದಾರೆಯೇ? ಮರಾಠಿಯಲ್ಲಿ ಆಮ್ಹೀ ಮತ್ತು ಆಪಣ್, ತಮಿಳಿನಲ್ಲಿ ನಾಂಗಳ್ ಮತ್ತು ನಾಮ್, ತೆಲುಗಿನಲ್ಲಿ ಮೇಮು ಮತ್ತು ಮನಮು ಈ ಭೇದವನ್ನು ಸುಲಭವಾಗಿ ತೋರಿಸುತ್ತವೆ. ಇಂದಿನ ಕನ್ನಡದ 'ನಾವು' ಎರಡಕ್ಕೂ ಒಂದೇ. ನೆರೆಭಾಷೆಗಳ ನಡುವೆ ಬಾಳುವ ನಮಗೆ ಇಂಥ ಹೋಲಿಕೆ ಕೈಗೆಟಕುತ್ತದೆ. ಅದು ಹೊರನಾಡಿನ ಬದುಕಿನ ಲಾಭ.

ಮೂರನೆಯ ಪಾಠ ನಮ್ಮನ್ನು ಸ್ವಲ್ಪ ನಾಚಿಸಿತು. ಬಿಡಿಸುವಾಗ ನಮ್ಮಲ್ಲಿ ಬಹುಪಾಲು ಜನ ಡಾಕ್ಟರನ್ನು ಗಂಡಸೆಂದೇ ಎಣಿಸಿದ್ದರು. ಗೌರವದ 'ಅರು' ಲಿಂಗವನ್ನು ಮುಚ್ಚಿಡುತ್ತದೆ; ಸುಳಿವಿನಲ್ಲಿ ಅದಕ್ಕೆ ಆಧಾರವೇ ಇರಲಿಲ್ಲ. ಹಾಳೆಯ ಮೇಲೆ ಇಲ್ಲದ ಸುಳಿವನ್ನು ನಾವೇ ಬರೆದುಕೊಂಡಿದ್ದೆವು. ಎತ್ತಿ ತೋರಿಸಿದವಳು ಆ ಹುಡುಗಿ.

ಆದರೆ ಆ ದಿನ ಅತ್ಯಂತ ಮುಖ್ಯವಾಗಿ ಕೈಗೆ ಸಿಕ್ಕಿದ್ದು ಎರಡು ಪುಟ್ಟ ಪದಗಳು: 'ಇಲ್ಲ' ಮತ್ತು 'ಅಲ್ಲ'. ಇಂಗ್ಲಿಷಿನ 'ನಾಟ್', ಹಿಂದಿಯ 'ನಹೀಂ' ಎರಡು ಕೆಲಸಗಳನ್ನೂ ಒಂದೇ ಪದದಲ್ಲಿ ಮಾಡಿ ಮುಗಿಸುತ್ತವೆ. ಕನ್ನಡ ಹಾಗೆ ಮಾಡಲು ಬಿಡುವುದಿಲ್ಲ. 'ಡಾಕ್ಟರು ಚೆನ್ನೈಯವರಲ್ಲ' ಎಂಬುದು ಒಂದು ಬಗೆಯ ನಿಷೇಧ, 'ಡಾಕ್ಟರು ಚೆನ್ನೈಯಲ್ಲಿಲ್ಲ' ಎಂಬುದು ಇನ್ನೊಂದು. ಹಳೆಯ ವೈಶೇಷಿಕರು ಅಭಾವವನ್ನು ವಿಂಗಡಿಸಿದಾಗ, ಒಂದು ವಸ್ತು ಇನ್ನೊಂದಲ್ಲ ಎಂಬುದನ್ನು ಅನ್ಯೋನ್ಯಾಭಾವವೆಂದೂ, ಒಂದೆಡೆ ಒಂದು ವಸ್ತು ಇಲ್ಲ ಎಂಬುದನ್ನು ಸಂಸರ್ಗಾಭಾವವೆಂದೂ ಕರೆದರು. ಗಡಿಗೆ ಬಟ್ಟೆಯಲ್ಲ, ನೆಲದ ಮೇಲೆ ಗಡಿಗೆಯಿಲ್ಲ. ಶಾಸ್ತ್ರಕಾರರು ಎರಡು ಹೆಸರು ಕೊಟ್ಟು ಬಿಡಿಸಿದ್ದನ್ನು ಕನ್ನಡದ ಮಗು ಮೂರನೆಯ ವರ್ಷದಲ್ಲೇ ಬಳಸುತ್ತದೆ. ತೆಲುಗಿನಲ್ಲಿಯೂ ಕಾದು, ಲೇದು ಎಂಬ ಭೇದವುಂಟು. ಇದು ನಮ್ಮದೊಂದೇ ಹೆಮ್ಮೆಯಲ್ಲ. ಆದರೂ ತರ್ಕಬಂಧದ ಪ್ರತಿಯೊಂದು ಕತ್ತರಿ ಗುರುತೂ ಒಂದು 'ಅಲ್ಲ' ಎಂದು ಆ ಹುಡುಗಿಗೆ ವಿವರಿಸಲು ನಮಗೆ ಇಂಗ್ಲಿಷ್ ಬೇಕಾಗಲಿಲ್ಲ.

ರೇಡಿಯೊದ ಲೋಕದಲ್ಲಿ ಈ ಭೇದ ಆಟಕ್ಕಷ್ಟೇ ಸೀಮಿತವಲ್ಲ. ಹ್ಯಾಮ್ ಒಬ್ಬರು ಕರೆದು ಕಾದರು, ಉತ್ತರ ಬರಲಿಲ್ಲ. ಅದರಿಂದ ಏನು ತಿಳಿಯುತ್ತದೆ? 'ಕೇಳಿಸಲಿಲ್ಲ' ಎಂಬುದು 'ಅಲ್ಲಿ ಯಾರೂ ಇಲ್ಲ' ಎಂದಾಗುವುದಿಲ್ಲ. ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದ ಭಾಟ್ಟ ಮೀಮಾಂಸಕರು ಇಲ್ಲೊಂದು ಷರತ್ತು ಹಾಕಿದ್ದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ ಎನ್ನಲಾಗದು. ಅಲೆಗಳಿಗೂ ತಮ್ಮದೇ ಕತ್ತಲೆಯಿದೆ. ನಮ್ಮ ಬಳಗದಲ್ಲಿ ರೇಡಿಯೊ ಬಲ್ಲವರೊಬ್ಬರು ನಮ್ಮ ಐದನೆಯ ಸುಳಿವನ್ನೇ ಆಕ್ಷೇಪಿಸಿದರು: 10 ಮೀಟರಿನ ದನಿ ಮೇಲಿನ ಅಯಾನುಮಂಡಲಕ್ಕೆ ತಾಗಿ ಮರಳುವಾಗ ಎಷ್ಟೋ ಸಲ ಸಾವಿರ ಕಿಲೋಮೀಟರಿನಷ್ಟು ಹತ್ತಿರದವರ ತಲೆಯ ಮೇಲೆ ಹಾರಿ, ಸಮುದ್ರದಾಚೆ ಇಳಿಯುತ್ತದೆ, ಚೆನ್ನೈಯ ಹುಡುಗಿ ಮುಂಬಯಿಗೆ ಕೇಳಿಸಿದ್ದು ಅವಳ ಅದೃಷ್ಟ. ಕೇಳಿಸದೇ ಹೋಗಿದ್ದರೆ ಅವಳು ಇಲ್ಲವೆಂದು ಬರೆದುಬಿಡುತ್ತಿದ್ದೆವೇ?

2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ಮುಂದಾಳುತನದಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಬಹು ವರ್ಷಗಳಿಂದ ಹ್ಯಾಮ್‌ಗಳ ಮಟ್ಟಿಗೆ ಮೌನವಾಗಿದ್ದ 'ವಿಯು4' ಎಂಬ ಆದ್ಯಕ್ಷರಗಳು ಆಗ ಮತ್ತೆ ಗಾಳಿಯಲ್ಲಿ ಕೇಳಿಬಂದವು. ಜಗತ್ತಿನ ಹವ್ಯಾಸಿಗಳು ಆ ಅಪರೂಪದ ಸಂಪರ್ಕಕ್ಕಾಗಿ ಮುಗಿಬಿದ್ದರು. ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿ ಸುನಾಮಿ ಬಂದಿತು. ಆಟಕ್ಕೆ ಹೋಗಿದ್ದ ತಂಡ ಆಟ ನಿಲ್ಲಿಸಿ, ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಸಾಗಿಸುವ ಕೆಲಸಕ್ಕೆ ನಿಂತಿತು. ಫೋನು ಸತ್ತಾಗ ಮುಖ್ಯಭೂಮಿಯ ಮನೆಗಳಲ್ಲಿ ಏನಾಗಿರುತ್ತದೆಂದು ಯೋಚಿಸಿ: ದನಿಯಿಲ್ಲ, ಆದ್ದರಿಂದ ಮನುಷ್ಯರೂ ಇಲ್ಲ ಎಂಬ ಅನುಮಾನ ಗಂಟೆ ಗಂಟೆಗೂ ಗಟ್ಟಿಯಾಗುತ್ತದೆ. ರೇಡಿಯೊದ ಮೂಲಕ ಹೋದ ಒಂದೊಂದು ಕ್ಷೇಮಸಂದೇಶವೂ ಆ ತಪ್ಪು ತರ್ಕವನ್ನು ಮುರಿಯಿತು. ಮಿತಿ ಮೀರಿ ತೀರ್ಮಾನಿಸಬಾರದೆಂಬ ಶಿಸ್ತನ್ನು ಪೆನ್ಸಿಲಿನ ಬಂಧ ಕಲಿಸುವುದಾದರೆ ಅದನ್ನು ಕಾಲಹರಣವೆಂದು ಕರೆಯಲು ನಮಗೆ ಮನಸ್ಸಿಲ್ಲ.

ಆಕ್ಷೇಪಗಳು ನಮ್ಮ ಬಳಗದಲ್ಲೇ ಬಂದವು. ಕನ್ನಡಕ್ಕೆ ತನ್ನದೇ ಒಗಟು, ಒಡಪು, ದಾಸರ ಮುಂಡಿಗೆಗಳಿರುವಾಗ ಈ ಹೊರಗಿನ ಆಟವೇಕೆ ಎಂದರು ಹಿರಿಯರೊಬ್ಬರು. ಅವರ ಮಾತಿಗೆ ತೂಕವಿದೆ. ಆದರೆ ಎರಡರ ಸ್ವಭಾವ ಬೇರೆ. ಒಗಟು ಹೋಲಿಕೆಯ ಮೇಲೆ ನಿಂತಿದೆ; ಒಂದು ಜಿಗಿತದಲ್ಲಿ ಬಿಡುತ್ತದೆ, ಇಲ್ಲವೆ ಬಿಡುವುದೇ ಇಲ್ಲ. ಬಲ್ಲವರು ಹೇಳಿಕೊಡಬೇಕು. ತರ್ಕಬಂಧ ನಿವಾರಣೆಯ ಮೇಲೆ ನಿಂತಿದೆ. ತಾಳ್ಮೆಯಿದ್ದವರೆಲ್ಲರಿಗೂ ಅದು ಬಾಗಿಲು ತೆರೆಯುತ್ತದೆ, ಹಿರಿಯರಿಗೂ ಕಿರಿಯರಿಗೂ ಸಮಾನವಾಗಿ. ಹೊರನಾಡಿನಲ್ಲಿ ಬೆಳೆದ ಮಗುವಿಗೆ ಒಗಟಿನ ಹಿಂದಿರುವ ಕಣಜ, ಒನಕೆ, ಕುಂಟೆಗಳ ಪರಿಚಯವಿಲ್ಲ. ತರ್ಕಬಂಧಕ್ಕೆ ಬೇಕಾದುದೆಲ್ಲ ಸುಳಿವುಗಳಲ್ಲೇ ಇದೆ. ಒಗಟನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮನೆಗೆ ಎರಡು ಬಾಗಿಲಿರಲಿ ಎನ್ನುತ್ತಿದ್ದೇವೆ.

ಇನ್ನೊಂದು ಆಕ್ಷೇಪ ಪರಿಭಾಷೆಯದು. ಆಂಟೆನಾ, ಡಯಲ್, ಮೆಗಾಹರ್ಟ್ಸ್ ಎಲ್ಲವೂ ಪರಪದಗಳಾದ ಮೇಲೆ ಕನ್ನಡದ್ದೇನು ಉಳಿಯಿತು? ನಮ್ಮ ಉತ್ತರ ಇಷ್ಟೇ: ತರ್ಕ ನಾಮಪದಗಳಲ್ಲಿಲ್ಲ, ಪ್ರತ್ಯಯಗಳಲ್ಲಿದೆ. ಊ, ಏ, ಓ, ಅಲ್ಲ, ಇಲ್ಲ, ಆದರೆ, ಇಲ್ಲವೆ, ಮಾತ್ರ, ಹೊರತು, ಇವೇ ವಿಚಾರದ ಕೀಲುಗಳು. ಆಂಟೆನಾವನ್ನು ಆಂಟೆನಾ ಎಂದೇ ಕರೆದು, ಈ ಕೀಲುಗಳನ್ನು ಗಟ್ಟಿಯಾಗಿ ಹಿಡಿದರೆ ಕನ್ನಡ ಉಳಿಯುತ್ತದೆ. ಆಂಟೆನಾಕ್ಕೆ ಹೊಸ ಪದ ಟಂಕಿಸಿ, ವಾಕ್ಯವನ್ನು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದರೆ ಉಳಿಯುವುದು ಹೆಸರು ಮಾತ್ರ.

ಇದು ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ನಮ್ಮ ಮುಂಬಯಿಯಲ್ಲಿಯೇ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗೆ ಹೋದ ಹುಡುಗರು ರೇಖಾಗಣಿತದ ಪ್ರಮೇಯಗಳನ್ನು ಕನ್ನಡದಲ್ಲಿ ಸಾಧಿಸಿದ್ದರು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿಯೂ ಅದೇ ನಡೆಯಿತು. 'ಆದುದರಿಂದ', 'ಹೀಗೆ ಸಾಧಿತವಾಯಿತು' ಎಂದು ಬರೆದ ಕೈಗಳು ಇವತ್ತಿಗೂ ನಮ್ಮ ಕೂಟದಲ್ಲಿವೆ. ಅವರ ಮೊಮ್ಮಕ್ಕಳಿಗೆ ಕನ್ನಡ ಹಬ್ಬದ ಸೀರೆಯಾಗಿ ಪೆಟ್ಟಿಗೆ ಸೇರಿದ್ದರೆ, ತಪ್ಪು ಭಾಷೆಯದಲ್ಲ. ದಿನವೂ ಉಡದ ಬಟ್ಟೆ ಮೈಗೆ ಹೊಂದದೆ ಹೋಗುವುದು ಸಹಜ.

ಒಂದು ತರ್ಕಬಂಧದಿಂದ ಇದೆಲ್ಲ ಸರಿಹೋಗುತ್ತದೆಂಬ ಭ್ರಮೆ ನಮಗಿಲ್ಲ. ಮಕ್ಕಳ ಶಾಲೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ, ನಡೆಯಲಿ. ತಿಂಗಳಿಗೊಮ್ಮೆ ಅರ್ಧ ಗಂಟೆ, ಕಥೆಯ ಓದಿಗೆ ಮುಂಚೆ, ಒಂದು ಬಂಧವನ್ನು ಬಿಡಿಸಿ, ಬಿಡಿಸಿದ ದಾರಿಯನ್ನು ಎದ್ದು ನಿಂತು ಕನ್ನಡದಲ್ಲಿ ವಿವರಿಸುವ ಪದ್ಧತಿಯನ್ನು ನಾವು ಆರಂಭಿಸಿದ್ದೇವೆ. ಉತ್ತರಕ್ಕೆ ಅಲ್ಲಿ ಮೆಚ್ಚುಗೆಯಿಲ್ಲ, ವಿವರಣೆಗೆ ಮಾತ್ರ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಬಳಗಗಳೂ ತಮ್ಮ ತಮ್ಮ ಬಂಧಗಳನ್ನು ಕಟ್ಟಿ ಕಳಿಸಿದರೆ ನಮಗೆ ಸಂತೋಷ.

ಮುಂದಿನ ತಿಂಗಳ ಬಂಧವನ್ನು ಆ ಹುಡುಗಿಯೇ ಬರೆಯುತ್ತಿದ್ದಾಳೆ. ಮೊನ್ನೆ ಅವಳ ತಂದೆ ಫೋನಿನಲ್ಲಿ ಅವಳ ಸಂದೇಹವೊಂದನ್ನು ತಲುಪಿಸಿದರು. 'ಅಜ್ಜಿಗೆ ಯಾರ ದನಿಯೂ ಕೇಳಿಸಲಿಲ್ಲ' ಎಂದು ಒಂದು ಸುಳಿವು ಬರೆದಿದ್ದಾಳಂತೆ. ಇದರಿಂದ ಗಾಳಿಯಲ್ಲಿ ಯಾರೂ ಇರಲಿಲ್ಲ ಎಂದು ಬಿಡಿಸುವವರು ಬರೆದುಕೊಂಡರೆ ಅದು ಅವರ ತಪ್ಪೋ, ತನ್ನ ತಪ್ಪೋ ಎಂಬುದು ಅವಳ ಪ್ರಶ್ನೆ. ನಾವಿನ್ನೂ ಚರ್ಚಿಸುತ್ತಿದ್ದೇವೆ, ಕನ್ನಡದಲ್ಲಿ.